ಮನೆಗೊಂದು ಬಯಾಜ್



ನಿಮ್ಮ ಮನೆಯಲ್ಲಿ ಹಿರಿಯರ ಬಯಾಜ್ ಇದೆಯೇ? ಮೂಲತಃ ಅದು ಮೆಚ್ಚಿದ ಶೇರ್‌ಗಳನ್ನು ಬರೆದಿಟ್ಟುಕೊಳ್ಳುವ ಕೈಪುಸ್ತಕ. ನಮ್ಮ ದಾದಿ ಅದರಲ್ಲೇ ದುವಾ, ಅಡುಗೆಯ ಅಳತೆ, ಮಕ್ಕಳು ಹುಟ್ಟಿದ ತಾರೀಖು ಎಲ್ಲವನ್ನೂ ಬರೆದಿದ್ದರು. ಪಿನ್ ಹೊಡೆದ ನೋಟ್‌ಬುಕ್ಕು. ಪಿನ್ನು ತುಕ್ಕು ಹಿಡಿದು ಹಾಳೆಗಳು ಉದುರಿದವು. ಅಬ್ಬಾ ಹುಟ್ಟಿದ ದಿನವಿದ್ದ ಹಾಳೆ ಇಂದಿಗೂ ಸಿಕ್ಕಿಲ್ಲ.

ಆದ್ದರಿಂದ ಪಿನ್ ಬೇಡ, ಹೊಲಿಯಿರಿ. ನಾಲ್ಕು ಹಾಳೆ ಒಟ್ಟಿಗೆ ಮಡಿಸಿದರೆ 16 ಪುಟ. ಉರ್ದುವಿನಲ್ಲಿ ಇದಕ್ಕೆ ಜುಜ್ ಎನ್ನುತ್ತಾರೆ. ಎಂಟು ಜುಜ್ ಸಾಕು. ಮಡಿಕೆಯ ಮೇಲೆ ದಪ್ಪ ಸೂಜಿಯಿಂದ ಐದು ತೂತು ಮಾಡಿ, ಮೇಣ ಸವರಿದ ಹತ್ತಿ ದಾರದಿಂದ ಒಂದೊಂದನ್ನೂ ಹಿಂದಿನದಕ್ಕೆ ಸೇರಿಸಿ ಹೊಲಿಯಬೇಕು. ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ ಹಾಕಿದರೆ ಹುಳು ಹತ್ತದು. (ಅದು ವಿಷ, ಮಕ್ಕಳ ಕೈಗೆ ಕೊಡಬೇಡಿ.) ಬೆನ್ನಿಗೆ ಬಟ್ಟೆ, ಮೇಲೆ ರಟ್ಟು ಅಂಟಿಸಿ, ಭಾರದ ಕೆಳಗೆ ರಾತ್ರಿಯಿಡೀ ಇಡಿ.

ಉರ್ದು ಬಲದಿಂದ, ಕನ್ನಡ ಎಡದಿಂದ. ಒಂದೇ ಪುಸ್ತಕವನ್ನು ಎರಡೂ ಕಡೆಯಿಂದ ಆರಂಭಿಸಬಹುದು. ನನ್ನ ಮಗಳಿಗೆ ದಾದಿಯ ಅಕ್ಷರ ಓದಲು ಬಾರದು. ಉಳಿದ ಹಾಳೆಗಳನ್ನು ನಾನು ಒಂದು ಕಡೆಯಿಂದ ಉರ್ದುವಿನಲ್ಲಿ ನಕಲು ಮಾಡುತ್ತಾ ಓದಿ ಹೇಳುತ್ತೇನೆ, ಅವಳು ಇನ್ನೊಂದು ಕಡೆಯಿಂದ ಕನ್ನಡದಲ್ಲಿ ಬರೆದುಕೊಳ್ಳುತ್ತಾಳೆ. ಸದ್ಯ ಶೀರ್ ಖುರ್ಮಾದ ಅಳತೆಗೆ ಬಂದಿದ್ದೇವೆ.