ಸಂಕರ ರೈ ಮತ್ತು ಹಂದಿ ಸಾಕಣೆ

ರೈ ಎಂದೊಡನೆ ಕೆಲವರಿಗೆ ಉತ್ತರ ಹಿಂದುಸ್ಥಾನದವರು ‘ರಾಯಿ’ ಎನ್ನುವ ಸಾಸಿವೆಯ ನೆನಪಾದೀತು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ರೈ ಎಂಬುದು ಗೋಧಿಯ ದಾಯಾದಿ. ಎತ್ತರವಾದ ಪೈರು, ಬೂದುಬಣ್ಣದ ಸಣಕಲು ಕಾಳು. ಜರ್ಮನಿ, ಪೋಲೆಂಡ್‌ಗಳ ಕಪ್ಪು ರೊಟ್ಟಿ ಈ ಹಿಟ್ಟಿನದೇ. ನಮ್ಮ ಒಣಭೂಮಿಯ ರೈತನಿಗೆ ರಾಗಿ ಹೇಗೋ, ಅಲ್ಲಿಯ ಮರಳುನೆಲದ ರೈತನಿಗೆ ರೈ ಹಾಗೆ. ಗೋಧಿ ಸೋತು ಮಲಗುವ ನೆಲದಲ್ಲಿ ಅದು ಎದ್ದು ನಿಲ್ಲುತ್ತದೆ.

ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಬಿತ್ತನೆ. ಬೀಜವನ್ನು ಆಳಕ್ಕೆ ಹಾಕಬಾರದು. ರೈ ಆಕಾಶವನ್ನು ನೋಡಬಯಸುತ್ತದೆ ಎಂದು ಜರ್ಮನ್ ಒಕ್ಕಲಿಗರು ಹೇಳುವುದುಂಟು. ಹಿಮ ಬಿದ್ದರೂ ಸಸಿ ಬದುಕಿ, ಚಳಿಗಾಲವೆಲ್ಲ ನೆಲಕ್ಕೆ ಹೊದಿಕೆಯಾಗಿ, ಮಣ್ಣು ಕೊಚ್ಚಿಹೋಗದಂತೆ ಕಾಯುತ್ತದೆ. ಕೊಯ್ಲು ಬೇಸಗೆಯಲ್ಲಿ.

ಇಂಥ ಬೆಳೆಗೂ ಕಷ್ಟಕಾಲ ಬಂದಿತು. ರೊಟ್ಟಿಗೆ ರೈ ಬಳಸುವವರು ಕಡಿಮೆಯಾದರು. ಮಿಕ್ಕ ಕಾಳನ್ನು ನಿಗದಿ ಬೆಲೆಗೆ ಕೊಳ್ಳುತ್ತಿದ್ದ ಯೂರೋಪಿಯನ್ ಒಕ್ಕೂಟವು 2003ರ ಸುಧಾರಣೆಯಲ್ಲಿ ಆ ಖರೀದಿಯನ್ನು ಕೈಬಿಟ್ಟಿತು. ಮರಳುನೆಲದ ರೈತನ ಮುಂದೆ ಎರಡು ಪ್ರಶ್ನೆಗಳು ನಿಂತವು: ಎಕರೆಗೆ ಹೆಚ್ಚು ಬೆಳೆಯುವುದು ಹೇಗೆ? ಬೆಳೆದುದನ್ನು ತಿನ್ನುವವರು ಯಾರು? ಮೊದಲನೆಯದಕ್ಕೆ ಉತ್ತರ ಸಂಕರ ತಳಿ, ಎರಡನೆಯದಕ್ಕೆ ಹಂದಿ.

ರೈ ಹೂವು ತನ್ನ ಪರಾಗವನ್ನು ತಾನೇ ಒಪ್ಪುವುದಿಲ್ಲ. ಗಾಳಿ ತರುವ ಪರರ ಪರಾಗವೇ ಬೇಕು. ಸಂಕರ ಬೀಜ ತಯಾರಿಸಬೇಕಾದರೆ ತಾಯಿ ಸಾಲು ಪರಾಗವಿಲ್ಲದ್ದಾಗಿರಬೇಕು. ಜರ್ಮನಿಯ ಹೋಹೆನ್‌ಹೈಮ್ ವಿಶ್ವವಿದ್ಯಾನಿಲಯದ ಗೈಗರ್ ಮತ್ತು ಶ್ನೆಲ್ ಎಂಬ ವಿಜ್ಞಾನಿಗಳು ಅರ್ಜೆಂಟೈನಾದ ರೈಯಲ್ಲಿ ಈ ಗುಣವನ್ನು ಕಂಡು 1970ರಲ್ಲಿ ಪ್ರಕಟಿಸಿದರು. 1984ರಲ್ಲಿ ಮೊದಲ ಸಂಕರ ತಳಿಗಳು ಬಿಡುಗಡೆಯಾದವು. ಇಳುವರಿ ಹೆಚ್ಚು, ನಿಜ. ಆದರೆ ಬೀಜವನ್ನು ವರ್ಷ ವರ್ಷವೂ ಕೊಳ್ಳಲೇಬೇಕು.

ಇನ್ನು ತಿನ್ನಿಸುವ ವಿಚಾರ. ಮುಸುಕಿನ ಜೋಳಕ್ಕಿಂತ ರೈಯಲ್ಲಿ ಶಕ್ತಿ ತುಸು ಕಡಿಮೆ, ನಾರು ಹೆಚ್ಚು. ಆ ನಾರು ಹಂದಿಯ ಕರುಳಿನಲ್ಲಿ ಹುದುಗಿ, ಹೊಟ್ಟೆ ತುಂಬಿದ ತೃಪ್ತಿಯನ್ನು ಬಹಳ ಹೊತ್ತು ಉಳಿಸುತ್ತದೆ. ಕಾಳಿನಲ್ಲಿರುವ ರಂಜಕವನ್ನು ಬಿಡಿಸುವ ಕಿಣ್ವವೂ ಕಾಳಿನಲ್ಲೇ ಇರುವುದರಿಂದ ಹೊರಗಿನ ಖನಿಜದ ಖರ್ಚು ತಗ್ಗುತ್ತದೆ. ಕಾಳನ್ನು ತರಿತರಿಯಾಗಿ ಒಡೆದು, ಸೋಯಾ ಹಿಂಡಿಯಂಥ ಸಸಾರಜನಕದೊಡನೆ ಬೆರೆಸಬೇಕು. ಎಳೆಯ ಮರಿಗಳಿಗೆ ಸ್ವಲ್ಪವೇ ಸಾಕು. ಬೆಳೆದಂತೆಲ್ಲ ಏರಿಸುತ್ತ ಹೋಗಿ, ಕೊನೆಯ ಹಂತದಲ್ಲಿ ಆಹಾರದ ಅರ್ಧಭಾಗದವರೆಗೂ ಕೊಡಬಹುದು.

ಆದರೆ ಒಂದು ಶತ್ರುವನ್ನು ಮರೆಯುವಂತಿಲ್ಲ. ಅದು ಎರ್ಗಟ್ ಎಂಬ ಬೂಷ್ಟು. ಪರಾಗ ಸಿಗದೆ ಬಾಯ್ದೆರೆದು ನಿಂತ ಹೂವನ್ನು ಅದು ಹೊಗುತ್ತದೆ. ಕಾಳಿನ ಜಾಗದಲ್ಲಿ ಇಲಿಹಿಕ್ಕೆಯಂಥ ಕಪ್ಪು ಕೊಂಬು ಬೆಳೆಯುತ್ತದೆ. ಅದರ ವಿಷ ತಾಯಿ ಹಂದಿಯ ಹೊಟ್ಟೆ ಸೇರಿದರೆ ಹಾಲು ಬತ್ತುತ್ತದೆ, ಹಸಿದ ಮರಿಗಳು ಸಾಯುತ್ತವೆ. ಮೊದಲಿನ ಸಂಕರ ತಳಿಗಳು ಪರಾಗವನ್ನು ಸಾಕಷ್ಟು ಬಿಡುತ್ತಿರಲಿಲ್ಲವಾದ್ದರಿಂದ ಈ ಕಾಟ ಹೆಚ್ಚಾಯಿತು. ಸಂಕರ ಬೀಜದೊಡನೆ ಹಳೆಯ ತಳಿಯ ಬೀಜವನ್ನಿಷ್ಟು ಬೆರೆಸಿ ಬಿತ್ತುವುದು ಒಂದು ಉಪಾಯ. ಮುಂದೆ ಇರಾನಿನ ಪುರಾತನ ರೈಯಿಂದ ಪರಾಗ ಮರಳಿಸುವ ಗುಣವನ್ನು ತಂದು ಕೂಡಿಸಿದರು. ಯೂರೋಪಿನ ನಿಯಮದಂತೆ ಪಶು ಆಹಾರದ ಇಡಿಗಾಳಿನಲ್ಲಿ ಕಿಲೋಗ್ರಾಮಿಗೆ 1 ಗ್ರಾಮಿಗಿಂತ ಹೆಚ್ಚು ಎರ್ಗಟ್ ಕೊಂಬು ಇರಕೂಡದು.

ಇದು ದೂರದೇಶದ ಕಥೆ ಮಾತ್ರವಲ್ಲ. ನಮ್ಮಲ್ಲಿ 1965ರಲ್ಲಿ ಬಂದ ಎಚ್.ಬಿ. 1 ಎಂಬ ಸಂಕರ ಸಜ್ಜೆಯೂ ಪರಾಗವಿಲ್ಲದ ತಾಯಿಯಿಂದಲೇ ಹುಟ್ಟಿದ್ದು. ಎರ್ಗಟ್ಟಿನ ಬಳಗದ ಬೂಷ್ಟು ಸಂಕರ ಸಜ್ಜೆಯನ್ನೂ ಕಾಡಿತು. ಸಜ್ಜೆಯನ್ನು ಉಪ್ಪುನೀರಿಗೆ ಹಾಕಿ, ತೇಲಿದ ಕೊಂಬುಗಳನ್ನು ಬಳಿದು ಚೆಲ್ಲಿ, ಮುಳುಗಿದ ಕಾಳನ್ನು ತೊಳೆದು ಒಣಗಿಸುವ ಪದ್ಧತಿ ನಮ್ಮ ರೈತರಿಗೆ ಹೇಳಿಕೊಟ್ಟದ್ದೇ.

ಹೊಸ ತಳಿಯೊಂದು ಬಂದಾಗ ಎಷ್ಟು ಚೀಲ ಬೆಳೆಯುತ್ತದೆಂದು ಎಲ್ಲರೂ ಕೇಳುತ್ತೇವೆ. ಅದರ ಹೂವಿಗೆ ಪರಾಗ ಸಾಕಷ್ಟಿದೆಯೇ ಎಂಬುದನ್ನೂ ಕೇಳುವುದು ಜಾಣತನ. ತಿನ್ನುವ ಬಾಯಿ ಹಂದಿಯದಾಗಲಿ, ಮನುಷ್ಯನದಾಗಲಿ, ಕಾಳು ಶುದ್ಧವಾಗಿದ್ದರೆ ಮಾತ್ರ ಹೆಚ್ಚಿದ ಬೆಳೆ ಲಾಭವೆನಿಸುತ್ತದೆ.