ಮೈಸೂರಿಗಾಗಿ ಮುದ್ರಿತವಾದ ನಾಲ್ಕು ಹಾಡುಗಳು

(ಮಸ್ಕತ್ತಿನ ಕನ್ನಡಿಗರ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ದಾಸರ ಪದಗಳನ್ನೂ ಭಾವಗೀತೆಗಳನ್ನೂ ಕೇಳಿ ಬೆಳೆದ ಈ ಸಭೆಯಲ್ಲಿ ವೈದ್ಯನೊಬ್ಬನು ಜರ್ಮನ್ ಹಾಡುಗಳನ್ನು ಕುರಿತು ಮಾತನಾಡಲು ನಿಂತಿರುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ನಾನಿಂದು ತಮಗೆ ಕೇಳಿಸಲಿರುವ ಧ್ವನಿಮುದ್ರಣವು ಮೈಸೂರಿನ ಅರಸರ ಹಣದ ಭರವಸೆಯಿಂದ, ಮೈಸೂರಿಗೆ ಕಳುಹಿಸುವ ಸಲುವಾಗಿಯೇ ಸಿದ್ಧವಾದುದು.

1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ರಿಚರ್ಡ್ ಸ್ಟ್ರೌಸನ 'ಕೊನೆಯ ನಾಲ್ಕು ಹಾಡುಗಳು' ಮೊದಲ ಬಾರಿಗೆ ಪ್ರಸ್ತುತವಾದವು. ಈತ ವಿಯೆನ್ನಾದ ವಾಲ್ಟ್ಸ್ ನೃತ್ಯಗೀತೆಗಳ ಸ್ಟ್ರೌಸ್ ಅಲ್ಲ. ಮ್ಯೂನಿಕ್ ನಗರದ ಕೊಂಬುವಾದಕನೊಬ್ಬನ ಮಗ, ರೊಮ್ಯಾಂಟಿಕ್ ಪರಂಪರೆಯ ಕೊನೆಯ ದೊಡ್ಡ ಹೆಸರು. ಹಾಡಿದವರು ನಾರ್ವೆಯ ಕರ್ಸ್ಟನ್ ಫ್ಲಾಗ್‌ಸ್ಟಾಡ್. ಫಿಲ್‌ಹಾರ್ಮೋನಿಯಾ ವಾದ್ಯವೃಂದವನ್ನು ನಡೆಸಿದವರು ವಿಲ್‌ಹೆಲ್ಮ್ ಫುರ್ಟ್‌ವೆಂಗ್ಲರ್.

ಆ ಸಂಜೆಗೆ 4,800 ಡಾಲರುಗಳ ಭರವಸೆ ನೀಡಿದವರು ಜಯಚಾಮರಾಜ ಒಡೆಯರು. ಇದು ಅರಸರ ಶೋಕಿಯಾಗಿರಲಿಲ್ಲ. ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದ ಆ ವಾಗ್ಗೇಯಕಾರರು ಪಿಯಾನೋವನ್ನೂ ಶಾಸ್ತ್ರೀಯವಾಗಿ ಅಭ್ಯಾಸ ಮಾಡಿದ್ದರು. ಲಂಡನ್ನಿನಲ್ಲಿ ಮರೆತುಹೋದವರಂತೆ ಬದುಕುತ್ತಿದ್ದ ರಷ್ಯದ ಮೆಟ್ನರ್ ಅವರ ಕೃತಿಗಳನ್ನು, ಅವರ ವೃದ್ಧಾಪ್ಯದಲ್ಲಿ, ಅವರ ಕೈಯಿಂದಲೇ ನುಡಿಸಿ ಮುದ್ರಿಸುವಂತೆ ಮಾಡಿದರು. ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕಾನ್ಚೆರ್ಟೊವನ್ನು ಕೃತಜ್ಞತೆಯಿಂದ ಒಡೆಯರಿಗೆ ಅರ್ಪಿಸಿದರು. ಪರದೇಶದ ವಾದ್ಯಗಾರರಿಗೆ ಮೈಸೂರಿನ ದುಡ್ಡೇಕೆ ಎಂದು ಮೂಗು ಮುರಿಯುವವರನ್ನು ನಾನು ಬಲ್ಲೆ. ಮಸ್ಕತ್ತಿನಲ್ಲಿ ನೆಲೆಸಿರುವ ನಾವು ಹಾಗೆನ್ನುವುದು ಸಲ್ಲದು. ಇಲ್ಲಿನ ಸುಲ್ತಾನ್ ಖಾಬೂಸರು 1985ರಲ್ಲಿ ಒಮಾನಿನ ಯುವಜನರಿಂದಲೇ ಸಿಂಫನಿ ವಾದ್ಯವೃಂದವೊಂದನ್ನು ಕಟ್ಟಿಸಿದರು, 2011ರಲ್ಲಿ ಆಪೆರಾ ಭವನವನ್ನು ತೆರೆದರು. ಒಳ್ಳೆಯದನ್ನು ಕೇಳುವ ಹಂಬಲಕ್ಕೆ ರಹದಾರಿ ಬೇಕಿಲ್ಲ.

ನನ್ನ ಮನಸ್ಸನ್ನು ಹೆಚ್ಚು ಕಾಡುವುದು ಬೇರೆಯ ಸಂಗತಿ. ಹಾಡುಗಳನ್ನು 1948ರಲ್ಲಿ ರಚಿಸಿದ ಸ್ಟ್ರೌಸ್ 1949ರ ಸೆಪ್ಟೆಂಬರಿನಲ್ಲೇ, ತನ್ನ 85ನೆಯ ವಯಸ್ಸಿನಲ್ಲಿ, ತೀರಿಕೊಂಡಿದ್ದ. ಸ್ವತಃ ಗಾಯಕಿಯಾಗಿದ್ದ ಅವನ ಪತ್ನಿ ಪೌಲೀನೆ ಕಛೇರಿಗೆ ಕೇವಲ ಒಂಬತ್ತು ದಿನ ಮೊದಲು ಕಣ್ಮುಚ್ಚಿದಳು. ಒಡೆಯರೂ ಹೋಗಲಾಗಲಿಲ್ಲ, ಆ ವರ್ಷದ ಜನವರಿಯಿಂದ ಅವರು ಹೊಸ ಗಣರಾಜ್ಯದಲ್ಲಿ ಮೈಸೂರಿನ ರಾಜಪ್ರಮುಖರು. ಹೀಗೆ ಬರೆದವನೂ, ಅವನ ಬಾಳಸಂಗಾತಿಯೂ, ಹಣ ಕೊಟ್ಟವರೂ ಆ ಸಭಾಂಗಣದಲ್ಲಿರಲಿಲ್ಲ. ಸುಮಾರು ಇಪ್ಪತ್ತು ಸಾವಿರ ಮುದ್ರಿಕೆಗಳಿದ್ದ ಅರಮನೆಯ ಸಂಗ್ರಹಕ್ಕೆ ಇದೂ ಒಂದು ಸೇರಬೇಕೆಂದೇ ಅಂದು ಅಸಿಟೇಟ್ ತಟ್ಟೆಗಳ ಮೇಲೆ ನಾದವನ್ನು ಕೊರೆದದ್ದು.

ಆ ತಟ್ಟೆಗಳು ಸವೆದುಹೋದವು. ಅವುಗಳಿಂದ ಮೊದಲು ತೆಗೆದ ಎಲ್.ಪಿ. ಕೇಳಲು ಕಷ್ಟವೇ. 2007ರಲ್ಲಿ, ಮತ್ತೆ 2014ರಲ್ಲಿ ತಂತ್ರಜ್ಞರು ಅದನ್ನು ಶುದ್ಧಗೊಳಿಸಿದ್ದರೂ ಕರಕರ ಶಬ್ದ ಪೂರ್ತಿ ಹೋಗಿಲ್ಲ. ಸ್ಪಷ್ಟವಾಗಿ ಕೇಳಬೇಕೆಂಬವರು 1965ರಲ್ಲಿ ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ಹಾಡಿ ಜಾರ್ಜ್ ಸೆಲ್ ನಿರ್ದೇಶಿಸಿದ ಮುದ್ರಣವನ್ನು ಕೊಳ್ಳಲಿ. ಅದು ನಿಜಕ್ಕೂ ಸೊಗಸಾಗಿದೆ. ನನಗೆ ಮಾತ್ರ ಇದೇ ಇಷ್ಟ. ಎದೆಗೆ ಸ್ಟೆತಾಸ್ಕೋಪ್ ಇಟ್ಟಾಗ ನಾವು ಬೇಡದ ಸದ್ದುಗಳನ್ನು ಬದಿಗೊತ್ತಿ ಬೇಕಾದುದೊಂದನ್ನೇ ಕೇಳಲು ಕಲಿಯುತ್ತೇವೆ. ಇಲ್ಲಿಯೂ ಎರಡು ನಿಮಿಷ ತಾಳಿದರೆ ಕಿವಿ ಆ ವಿದ್ಯೆಯನ್ನು ತಾನೇ ಕಲಿಯುತ್ತದೆ. ಆಗ ಮೊದಲು ಕೇಳಿಸುವುದು ಉಸಿರು. ಐವತ್ನಾಲ್ಕರ ಫ್ಲಾಗ್‌ಸ್ಟಾಡ್ ಸಾಲಿನುದ್ದಕ್ಕೂ ಉಸಿರನ್ನು ಹಿಡಿದು, ಅವಸರವಿಲ್ಲದೆ ಬಿಡುತ್ತಾರೆ.

ಅಂದು ಮೊದಲು ಹಾಡಿದ್ದು 'ನಿದ್ರೆಗೆ ಜಾರುವಾಗ'. ಅದರಲ್ಲಿ ಎರಡು ನುಡಿಗಳಾದ ಮೇಲೆ ಪಿಟೀಲೊಂದು ಏಕಾಂಗಿಯಾಗಿ ಏಳುತ್ತದೆ. ನಮ್ಮ ಕಛೇರಿಗಳಲ್ಲಿ ಗಾಯಕರ ಹಿಂದೆ ಪಿಟೀಲು ನಡೆಯುವುದು ರೂಢಿ. ಇಲ್ಲಿ ಪಿಟೀಲು ಮುಂದೆ ನಡೆದು ದಾರಿ ತೋರಿಸುತ್ತದೆ, ಗಾಯಕಿ ಅದೇ ಸ್ವರಗಳನ್ನು ಹಿಡಿದು ಹಿಂದೆ ಬರುತ್ತಾರೆ.

ಕೊನೆಯದು 'ಸಂಜೆಗೆಂಪಿನಲ್ಲಿ'. ಬಾಳನ್ನೆಲ್ಲ ಜೊತೆಯಾಗಿ ಸವೆಸಿದ ವೃದ್ಧ ದಂಪತಿಗಳು ನಡೆದು ದಣಿದು ನಿಂತಿದ್ದಾರೆ. ಎರಡು ಬಾನಾಡಿಗಳು ಮೇಲೇರುತ್ತಿವೆ. ಸಾವೆಂದರೆ ಇದೇ ಇರಬಹುದೇ ಎಂಬ ಪ್ರಶ್ನೆಯಲ್ಲಿ ಕವಿತೆ ಮುಗಿಯುತ್ತದೆ. ಆ ಮಾತಿನ ಬಳಿಕ ಸ್ಟ್ರೌಸ್ ತನ್ನ ಇಪ್ಪತ್ತೈದನೆಯ ವಯಸ್ಸಿನಲ್ಲಿ, 1889ರಲ್ಲಿ ಮುಗಿಸಿದ್ದ 'ಮರಣ ಮತ್ತು ರೂಪಾಂತರ' ಕೃತಿಯ ಒಂದು ಸ್ವರಗುಚ್ಛವನ್ನು ವಾದ್ಯಗಳಲ್ಲಿ ಮತ್ತೆ ನುಡಿಸುತ್ತಾನೆ. ತಾನು ಅಂದು ಬರೆದಂತೆಯೇ ಸಾವು ಇದೆಯೆಂದು ಮರಣಶಯ್ಯೆಯಲ್ಲಿ ಸೊಸೆಗೆ ಹೇಳಿದನೆಂದು ಪ್ರತೀತಿ. ವೈದ್ಯನಾಗಿ ನಾನು ಅದಕ್ಕೆ ಸಾಕ್ಷಿ ನುಡಿಯಲಾರೆ. ಆದರೆ ಊರಿನಲ್ಲಿರುವ ತಂದೆತಾಯಿಗಳ ಕೊನೆಯ ದಿನಗಳನ್ನು ದೂರವಾಣಿಯ ಕರಕರ ಸದ್ದಿನ ನಡುವೆ ಕೇಳಿಸಿಕೊಂಡವರು ನಮ್ಮಲ್ಲಿ ಹಲವರಿದ್ದಾರೆ. ಅವರಿಗೆ ಈ ಮುದ್ರಣವನ್ನು ನಾನು ಹೆಚ್ಚು ವಿವರಿಸಬೇಕಾಗಿಲ್ಲ.

ಈಗ ಆ ನಾಲ್ಕನೆಯ ಹಾಡನ್ನು ಹಾಕುತ್ತೇನೆ. ಗಾಯಕಿ ನಿಲ್ಲಿಸಿದ ಮೇಲೂ ವಾದ್ಯಗಳು ಬಹಳ ಹೊತ್ತು ನುಡಿಯುತ್ತವೆ, ಕೊಳಲುಗಳಲ್ಲಿ ಆ ಎರಡು ಹಕ್ಕಿಗಳು ಇನ್ನೊಮ್ಮೆ ಕೇಳಿಸುತ್ತವೆ. ಅಲ್ಲಿಯವರೆಗೆ ದಯವಿಟ್ಟು ಚಪ್ಪಾಳೆ ಬೇಡ.