ಹಳೇ ಎಕ್ಸ್‌ಕವೇಟರ್, ಉರಿಯೋ ಲೈಟು: ಸೆನ್ಸರ್ ಬದಲಿಸೋ ಮುಂಚೆ ವೈರ್ ನೋಡಿ

ಇದನ್ನ ಕೇಳ್ತಿರೋರಲ್ಲಿ ಎಕ್ಸ್‌ಕವೇಟರ್ ಓಡಿಸೋರು, ರಿಪೇರಿ ಮಾಡೋರು, ಸಾಲ ಮಾಡಿ ಒಂದು ಸೆಕೆಂಡ್ ಹ್ಯಾಂಡ್ ಮಷಿನ್ ತಗೊಳ್ಳೋಣ ಅಂತ ಲೆಕ್ಕ ಹಾಕ್ತಿರೋರು ಸುಮಾರು ಜನ ಇದ್ದೀರಿ. ನಮ್ಮ ಕಡೆ ಯಾವ ಕಂಪನಿದಾದ್ರೂ ಎಕ್ಸ್‌ಕವೇಟರ್‌ಗೆ ‘ಹಿಟಾಚಿ’ ಅನ್ನೋದು, ಬ್ಯಾಕ್‌ಹೋಗೆ ‘ಜೆಸಿಬಿ’ ಅನ್ನೋದು ರೂಢಿ. ಇವತ್ತಿನ ಮಾತು ಯಾವ ಕಂಪನಿ ಬಗ್ಗೆಯೂ ಅಲ್ಲ. ಎಂಜಿನ್ ಲೈಟ್ ಉರೀತಿರುತ್ತೆ, ಬಕೆಟ್ ಮಣ್ಣಿಗೆ ಇಳಿದ ಕೂಡಲೇ ಪವರ್ ಬೀಳುತ್ತೆ. ಮಾರೋನು ಹೇಳ್ತಾನೆ, “ಬರೀ ಸೆನ್ಸರ್ ಅಣ್ಣಾ, ಬದಲಿಸಿದ್ರೆ ಸರಿ ಹೋಗುತ್ತೆ.” ಈ ಮಾತನ್ನ ಎಷ್ಟು ನಂಬಬಹುದು?

ನನ್ನ ಪ್ರಕಾರ, ಮೀಟರ್ ಇಟ್ಟು ನೋಡೋ ತನಕ ನಂಬಲೇಬಾರದು. ಯಾಕಂದ್ರೆ ಡಿಸ್‌ಪ್ಲೇ ಮೇಲೆ ಬರೋ ಕೋಡ್ ‘ಈ ಸೆನ್ಸರ್ ಕೆಟ್ಟಿದೆ’ ಅಂತ ಹೇಳೋದೇ ಇಲ್ಲ. ಈ ಸರ್ಕ್ಯೂಟ್‌ನಿಂದ ಬಂದ ವೋಲ್ಟೇಜ್ ನನಗೆ ಅರ್ಥ ಆಗ್ತಿಲ್ಲ ಅಂತ ಅಷ್ಟೇ ಎಂಜಿನ್ ಕಂಪ್ಯೂಟರ್ ಹೇಳುತ್ತೆ. ಆ ಸರ್ಕ್ಯೂಟ್‌ನಲ್ಲಿ ಸೆನ್ಸರ್ ಇದೆ, ಕನೆಕ್ಟರ್ ಇದೆ, ಎಂಜಿನ್ ಸುತ್ತಿಕೊಂಡು ಹೋಗೋ ಮೀಟರ್‌ಗಟ್ಟಲೆ ವೈರ್ ಇದೆ. ಹತ್ತು ವರ್ಷ ಬಿಸಿಲು, ಮಳೆ, ವೈಬ್ರೇಶನ್ ತಿಂದ ಮಷಿನ್‌ನಲ್ಲಿ ನಾನು ಮೊದಲು ಅನುಮಾನ ಪಡೋದು ವೈರ್ ಮತ್ತು ಕನೆಕ್ಟರ್ ಮೇಲೆ.

ಬಹಳಷ್ಟು ಎಲೆಕ್ಟ್ರಾನಿಕ್ ಡೀಸೆಲ್ ಎಂಜಿನ್‌ಗಳು ಜೆ1939 ಅನ್ನೋ ಮಾನದಂಡದ ಪ್ರಕಾರ ಎರಡು ನಂಬರ್ ಕೊಡ್ತವೆ. ಎಸ್‌ಪಿಎನ್ ಅಂದ್ರೆ ತೊಂದರೆ ಎಲ್ಲಿ, ಎಫ್‌ಎಂಐ ಅಂದ್ರೆ ಎಂಥ ತೊಂದರೆ. ಎಸ್‌ಪಿಎನ್ 100 ಆಯಿಲ್ ಪ್ರೆಶರ್, 110 ಕೂಲಂಟ್ ಟೆಂಪರೇಚರ್, 157 ಕಾಮನ್ ರೈಲ್ ಒಳಗಿನ ಡೀಸೆಲ್ ಒತ್ತಡ. ಈ ಮೊದಲನೇ ನಂಬರ್ ನೋಡಿದ ಕೂಡಲೇ ಜನ ಬಿಡಿಭಾಗದ ಅಂಗಡಿಗೆ ಓಡ್ತಾರೆ. ಎರಡನೇದನ್ನ ಓದಿ. ಎಫ್‌ಎಂಐ 0 ಅಥವಾ 1 ಬಂದ್ರೆ ಅಳತೆ ನಂಬೋ ಹಾಗೇ ಇದೆ, ಆದರೆ ಮಿತಿ ಮೀರಿ ಜಾಸ್ತಿ ಇಲ್ಲವೇ ಕಮ್ಮಿ ಇದೆ ಅಂತ. 110ರ ಜೊತೆ 0 ಇದ್ರೆ ಎಂಜಿನ್ ನಿಜವಾಗ್ಲೂ ಕಾಯ್ತಿದೆ ಅಂತಲೇ ಹಿಡ್ಕೊಂಡು ರೇಡಿಯೇಟರ್, ಬೆಲ್ಟ್, ಥರ್ಮೋಸ್ಟಾಟ್ ನೋಡಬೇಕು. ಅಲ್ಲಿ ಸೆನ್ಸರ್ ಬದಲಿಸೋದು ಜ್ವರ ಬಂದವನಿಗೆ ಥರ್ಮಾಮೀಟರ್ ಬದಲಿಸಿದ ಹಾಗೆ. 3 ಅಂದ್ರೆ ವೋಲ್ಟೇಜ್ ಜಾಸ್ತಿ, 4 ಅಂದ್ರೆ ಕಮ್ಮಿ, 2 ಅಂದ್ರೆ ಸಿಗ್ನಲ್ ನಿಂತಲ್ಲಿ ನಿಲ್ತಿಲ್ಲ. ಎಲೆಕ್ಟ್ರಿಕಲ್ ಕೆಲಸ ಶುರುವಾಗೋದು ಇಲ್ಲಿ. ಕೆಲವು ಕಂಪನಿಗಳು ತಮ್ಮದೇ ಕೋಡ್ ತೋರಿಸ್ತವೆ, ಅದಕ್ಕೆ ಆ ಮಷಿನ್‌ನ ಮ್ಯಾನುವಲ್ ಬೇಕು.

ಕೂಲಂಟ್ ಸೆನ್ಸರ್‌ನಿಂದ ಕಲಿಯೋದು ಸುಲಭ. ಎರಡೇ ವೈರ್. ಬಿಸಿ ಏರಿದಂತೆ ಅದರ ರೆಸಿಸ್ಟೆನ್ಸ್ ಇಳಿಯುತ್ತೆ. ಕೋಡ್ 110–4 ಬಂದಿದೆ ಅನ್ನಿ. ಕೀ ಆಫ್ ಮಾಡಿ, ಕನೆಕ್ಟರ್ ಬಿಚ್ಚಿ, ಮತ್ತೆ ಕೀ ಆನ್ ಮಾಡಿ. ಎಂಜಿನ್ ಸ್ಟಾರ್ಟ್ ಬೇಡ. ಕೋಡ್ 4ರಿಂದ 3ಕ್ಕೆ ಬದಲಾಯ್ತಾ? ಹಾಗಾದ್ರೆ ವೈರ್ ಸರಿಯಿದೆ, ಸೆನ್ಸರ್ ಒಳಗೇ ಶಾರ್ಟ್ ಆಗಿದೆ. ಬಿಚ್ಚಿದ ಮೇಲೂ 4ರಲ್ಲೇ ಕೂತಿದ್ರೆ ಹೊಸ ಸೆನ್ಸರ್ ತಂದು ಪ್ರಯೋಜನ ಇಲ್ಲ, ಸಿಗ್ನಲ್ ವೈರ್ ಎಲ್ಲೋ ಬಾಡಿಗೆ ತಾಗ್ತಿದೆ. ಕೋಡ್ 3 ಇದ್ರೆ ಉಲ್ಟಾ: ಬಿಚ್ಚಿದ ಕನೆಕ್ಟರ್‌ನ ಎರಡು ಪಿನ್‌ಗಳನ್ನ ಒಂದು ತುಂಡು ವೈರಿಂದ ಸೇರಿಸಿ, 4ಕ್ಕೆ ಬಂದ್ರೆ ವೈರ್ ಚೆನ್ನಾಗಿದೆ. ಐದು ನಿಮಿಷದ ಕೆಲಸ, ಖರ್ಚು ಸೊನ್ನೆ. ಒಂದು ಎಚ್ಚರ: ಹೀಗೆ ಜೋಡಿಸೋದು ಎರಡು ವೈರಿನ ಟೆಂಪರೇಚರ್ ಸೆನ್ಸರ್‌ಗೆ ಮಾತ್ರ.

ಪ್ರೆಶರ್ ಸೆನ್ಸರ್‌ಗೆ ಮೂರು ವೈರ್ ಇರ್ತವೆ. ಒಂದರಲ್ಲಿ 5 ವೋಲ್ಟ್ ಬರುತ್ತೆ, ಒಂದು ಗ್ರೌಂಡ್, ಇನ್ನೊಂದು ಸಿಗ್ನಲ್. ಸಿಗ್ನಲ್ ಸಾಮಾನ್ಯವಾಗಿ 0.5ರಿಂದ 4.5 ವೋಲ್ಟ್ ನಡುವೆ ಓಡಾಡುತ್ತೆ. ಜನ ಮೋಸ ಹೋಗೋದು ಎಲ್ಲಿ ಅಂದ್ರೆ, ಆ 5 ವೋಲ್ಟ್ ಲೈನನ್ನ ಹಲವು ಸೆನ್ಸರ್‌ಗಳು ಹಂಚಿಕೊಂಡಿರ್ತವೆ.

ಕೆರೆ ಹೂಳೆತ್ತೋ ಕೆಲಸದಲ್ಲಿದ್ದ ಒಂದು 20 ಟನ್ ಮಷಿನ್ ನೆನಪಾಗುತ್ತೆ. ಹುಡುಗ ಹೊಸದಾಗಿ ತಗೊಂಡಿದ್ದ, ಕೈಯಲ್ಲಿ ಕೆಲಸ ಇತ್ತು, ಇಎಂಐ ತಾರೀಕು ಹತ್ತಿರ ಬಂದಿತ್ತು. ಮೂರು ಕೋಡ್ ಒಟ್ಟಿಗೆ: ಆಯಿಲ್, ರೈಲ್, ಬೂಸ್ಟ್. ಎರಡು ಹೊಸ ಸೆನ್ಸರ್ ಆಗಲೇ ಹಾಕಿಸಿದ್ದ, ಮೂರನೇದಕ್ಕೆ ದುಡ್ಡು ಹೊಂದಿಸ್ತಾ ಇದ್ದ. ಮೂರು ಸೆನ್ಸರ್ ಒಂದೇ ದಿನ ಸಾಯೋದು ಎಲ್ಲಿ ಸಾಧ್ಯ ಹೇಳಿ? ರೈಲ್ ಸೆನ್ಸರ್ ಕನೆಕ್ಟರ್‌ನಲ್ಲಿ 5 ಇರಬೇಕಾದ ಕಡೆ 1.2 ವೋಲ್ಟ್ ಇತ್ತು. ಒಂದೊಂದೇ ಸೆನ್ಸರ್ ಬಿಚ್ತಾ ಹೋದ್ವಿ. ಯಾವುದೋ ಒಂದನ್ನ ಬಿಚ್ಚಿದಾಗ 5 ವಾಪಸ್ ಬಂದ್ರೆ ಕಳ್ಳ ಅದೇ. ಎಲ್ಲಾ ಬಿಚ್ಚಿದ್ರೂ ಬರಲಿಲ್ಲ, ಅಂದ್ರೆ ವೈರ್. ಕಟ್ಟನ್ನ ಅಲ್ಲಲ್ಲಿ ಹಿಡಿದು ಅಲುಗಾಡಿಸಿದಾಗ ಎಂಜಿನ್ ಹಿಂಬದಿ ಒಂದು ಬ್ರಾಕೆಟ್ ಹತ್ತಿರ ಮೀಟರ್ ಟಪ್ಪಂತ 5ಕ್ಕೆ ಹಾರಿತು. ಕ್ಲಿಪ್ ಮುರಿದು, ವೈರ್ ಕಬ್ಬಿಣಕ್ಕೆ ಉಜ್ಜಿ ಉಜ್ಜಿ ತಾಮ್ರ ಕಾಣ್ತಿತ್ತು. ತೆಗೆದಿಟ್ಟ ಹಳೇ ಸೆನ್ಸರ್ ಎರಡೂ ಚೆನ್ನಾಗೇ ಇದ್ವು.

ಮೀಟರ್ ಬಗ್ಗೆ ಒಂದು ಮಾತು. ‘ಬೀಪ್’ ಬಂತು ಅಂದ ಮಾತ್ರಕ್ಕೆ ವೈರ್ ಸರಿಯಿದೆ ಅಂತಲ್ಲ. ಹತ್ತು ಎಳೆಯಲ್ಲಿ ಒಂದೇ ಉಳಿದಿದ್ರೂ ಬೀಪ್ ಬರುತ್ತೆ. ಗ್ರೌಂಡ್ ನೋಡೋಕೆ ಕೀ ಆನ್ ಇಟ್ಟು, ಕನೆಕ್ಟರ್ ಬಿಚ್ಚದೆ, ಬ್ಯಾಟರಿ ನೆಗೆಟಿವ್‌ಗೂ ಸೆನ್ಸರ್ ಗ್ರೌಂಡ್ ಪಿನ್‌ಗೂ ನಡುವೆ ವೋಲ್ಟೇಜ್ ಅಳೀರಿ. ಹೆಚ್ಚುಕಮ್ಮಿ ಸೊನ್ನೆ ಇರಬೇಕು. ಪ್ರೋಬನ್ನ ಕನೆಕ್ಟರ್ ಹಿಂಬದಿಯಿಂದ ಹಾಕಿ. ಸೂಜಿ ಚುಚ್ಚಿ ಇನ್ಸುಲೇಶನ್ ತೂತು ಮಾಡಿದ್ರೆ ಅಲ್ಲಿಂದ ನೀರು ಇಳಿದು, ಮಳೆಗಾಲ ಮುಗಿಯೋದ್ರೊಳಗೆ ತಾಮ್ರ ಹಸಿರಾಗುತ್ತೆ. ಹಾಂ, ರೈಲ್ ಪ್ರೆಶರ್ ಕೋಡ್ ಅಂತ ಎಂಜಿನ್ ಓಡ್ತಿರುವಾಗ ಡೀಸೆಲ್ ಪೈಪ್ ಸಡಿಲ ಮಾಡೋಕೆ ಹೋಗಬೇಡಿ. ಒಳಗೆ ಸಾವಿರ ಬಾರ್‌ಗೂ ಮೀರಿದ ಒತ್ತಡ ಇರುತ್ತೆ, ಚರ್ಮ ಸೀಳಿ ಒಳಗೆ ಹೋಗುತ್ತೆ.

ಇನ್ನು ಮಷಿನ್ ತಗೊಳ್ಳೋಕೆ ಹೊರಟವರಿಗೆ. ಕೀ ಆನ್ ಮಾಡಿದ ಕೂಡಲೇ ವಾರ್ನಿಂಗ್ ಲೈಟ್‌ಗಳು ಒಮ್ಮೆ ಉರಿದು ಆರಬೇಕು. ಎಂಜಿನ್ ಲೈಟ್ ಉರಿಯೋದೇ ಇಲ್ಲ ಅಂದ್ರೆ ಬಲ್ಬ್ ಕಿತ್ತಿರಬಹುದು. ಸೆನ್ಸರ್ ಜಾಗದಲ್ಲಿ ಹತ್ತು ರೂಪಾಯಿ ರೆಸಿಸ್ಟರ್ ಬೆಸುಗೆ ಹಾಕಿ ಕಂಪ್ಯೂಟರ್‌ನ ಬಾಯಿ ಮುಚ್ಚಿಸೋರೂ ಇದ್ದಾರೆ. ಇದನ್ನ ಹಿಡಿಯೋಕೆ ಬೆಳ್‌ಬೆಳಗ್ಗೆ, ಎಂಜಿನ್ ತಣ್ಣಗಿರುವಾಗ ಹೋಗಿ ಲೈವ್ ಡೇಟಾ ನೋಡಿ. ರಾತ್ರಿಯೆಲ್ಲಾ ನಿಂತ ಮಷಿನ್‌ನಲ್ಲಿ ಕೂಲಂಟ್, ಇನ್‌ಟೇಕ್ ಗಾಳಿ, ಹೊರಗಿನ ಹವೆ ಮೂರೂ ಹತ್ತಿರ ಹತ್ತಿರ ಇರಬೇಕು. ಸ್ಟಾರ್ಟ್ ಮಾಡೋ ಮುಂಚೆ ಆಯಿಲ್ ಪ್ರೆಶರ್ ಸೊನ್ನೆ. ಬೂಸ್ಟ್ ಸೆನ್ಸರ್ ಸಂಪೂರ್ಣ ಒತ್ತಡ ತೋರಿಸೋ ಥರದ್ದಾದ್ರೆ ಮಂಗಳೂರಲ್ಲಿ ಸುಮಾರು 101 ಕಿಲೋಪಾಸ್ಕಲ್, ಬೆಂಗಳೂರಲ್ಲಿ ಸುಮಾರು 91. ಊರು ಎತ್ತರದಲ್ಲಿದ್ದಷ್ಟೂ ಕಮ್ಮಿ. ಆಮೇಲೆ ಸ್ಟಾರ್ಟ್ ಮಾಡಿ, ಕೂಲಂಟ್ ನಿಧಾನವಾಗಿ ಮೇಲೇರ್ತಿದೆಯಾ ನೋಡಿ. ಅರ್ಧ ಗಂಟೆ ಓಡಿದ ಮೇಲೂ ಅದೇ ಅಂಕಿ ಅಲ್ಲಾಡದೆ ನಿಂತಿದ್ರೆ ಅಲ್ಲಿರೋದು ಸೆನ್ಸರ್ ಅಲ್ಲ. ಅದರ ಹಿಂದೆ ನಿಜವಾಗ್ಲೂ ಕಾಯ್ತಿರೋ ಎಂಜಿನ್ ಇರಬಹುದು, ಆ ಬಿಲ್ಲು ಲಕ್ಷಗಳಲ್ಲಿ ಬರುತ್ತೆ.

ಬಕೆಟ್, ಬೂಮ್‌ಗೆ ಇತ್ತೀಚೆಗೆ ವೆಲ್ಡಿಂಗ್ ಆಗಿದೆಯಾ, ಆಗ ಬ್ಯಾಟರಿ ಬಿಚ್ಚಿದ್ರಾ ಅಂತ ಕೇಳಿ. ವೆಲ್ಡಿಂಗ್ ಕರೆಂಟ್ ದಾರಿ ತಪ್ಪಿ ಕಂಪ್ಯೂಟರನ್ನೇ ಸುಡಬಹುದು. ಮತ್ತೆ, ಬೆಳಗ್ಗೆ ಆರಕ್ಕೆ ಬರ್ತೀನಿ ಅಂತ ಹೇಳಿ ಹೋದಾಗ ಮಾರೋನು ಎಂಜಿನ್ ಬಿಸಿ ಮಾಡಿ ಇಟ್ಟಿದ್ರೆ, ಅವನು ಕೊಟ್ಟ ಟೀ ಕುಡಿದು ವಾಪಸ್ ಬನ್ನಿ. ಇನ್ನೊಂದು ದಿನ, ಹೇಳದೆ ಹೋಗಿ.

ನಿಮ್ಮ ಮಷಿನ್‌ನಲ್ಲಿ ಯಾವ ಕೋಡ್ ಕಾಡ್ತಿದೆ ಅಂತ ವಾಯ್ಸ್ ನೋಟ್ ಕಳಿಸಿ. ಎರಡು ನಂಬರನ್ನೂ ಹೇಳಿ, ಒಂದೇ ಅಲ್ಲ.